ಕೆಂಪು ಬಟ್ಟೆ ಇಳಿಸದವಳು

ಬಂದರಿನವರು ಅವಳನ್ನು ಹದ್ದುಗಣ್ಣಿ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗದು ಗೊತ್ತಿತ್ತು, ಗೊತ್ತಿಲ್ಲದವಳ ಹಾಗಿದ್ದು ಒಳಗೊಳಗೇ ಹಿಗ್ಗುತ್ತಿದ್ದಳು. ಐವತ್ತೆಂಟು ತುಂಬಿದ ಮೇಲೆ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕಾಯಿತೇ ಹೊರತು, ಮೈಲಿಯಾಚೆ ನೀರಿನ ಮೇಲೆ ಕಪ್ಪಗೆ ಏನಾದರೂ ಮಿಣಕ್ಕೆಂದರೆ ಅದು ಅಲೆಯ ನೆರಳೋ, ತೇಲುವ ಡಬ್ಬಿಯೋ, ಡಾಲ್ಫಿನ್ನಿನ ಬೆನ್ನೋ ಎಂದು ಹೇಳಲು ಅವಳಿಗೆ ಯಾವ ಗಾಜೂ ಬೇಕಿರಲಿಲ್ಲ.

ಕೆಲಸ ಟಾರ್ಪಾಲು ಹೊಲಿಯುವುದು. ದೋಣಿಗಳ ಮೇಲುಹೊದಿಕೆ, ಎಂಜಿನ್ನಿನ ಗವಸು, ಪ್ರಯಾಣಿಕರ ತೇಲುಜಾಕೀಟಿನಲ್ಲಿ ಕಿತ್ತುಹೋದ ಪಟ್ಟಿ, ಎಲ್ಲವೂ ಅವಳ ಕೈಗೇ ಬರುತ್ತಿದ್ದವು. ಐಸ್ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಕೆಳಗೆ ಮಂಜುಗಡ್ಡೆ ಒಡೆಯುವ ಸದ್ದು. ನೆಲ ಎಂಥ ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತಿದ್ದುದರಿಂದ ವರ್ಷವಿಡೀ ಅವಳ ಕಾಲಿಗೆ ಉಣ್ಣೆಯ ಕಾಲುಚೀಲ. ಕಿಟಕಿ ಮಾತ್ರ ಕೋಣೆಗಿಂತ ದೊಡ್ಡದೇನೋ ಅನ್ನಿಸುವಂಥದು. ಅದರಾಚೆ ಇಡೀ ಕೊಲ್ಲಿ.

ಆ ಕಿಟಕಿಯೇ ಅವಳ ಎರಡನೆಯ ಕೆಲಸ. ಅವಳ ತಮ್ಮನಿಗೆ ಆ ಐಸ್ ಕಾರ್ಖಾನೆಯ ಜೊತೆ ನಾಲ್ಕು ದೋಣಿಗಳೂ ಇದ್ದವು. ಡಾಲ್ಫಿನ್ ತೋರಿಸುತ್ತೇನೆಂದು ಜನರನ್ನು ಕರೆದುಕೊಂಡು ಹೋಗುವ ದೋಣಿಗಳು. 'ಕಂಡೇ ಕಾಣುತ್ತದೆ' ಎಂದು ಟಿಕೆಟ್ ಕಿಟಕಿಯ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದ. ಅಷ್ಟು ಧೈರ್ಯವಾಗಿ ಬರೆಸಿದ್ದು ಅಕ್ಕನ ಕಣ್ಣನ್ನು ನಂಬಿಕೊಂಡು. ಅವಳು ಯಂತ್ರ ತುಳಿಯುತ್ತ ತುಳಿಯುತ್ತ ನೀರನ್ನು ನೋಡುವಳು. ಕಂಡಿತೋ, ಎದ್ದು ಕೆಂಪು ಬಟ್ಟೆ ಬೀಸುವಳು. ಬಲಕ್ಕೆ ಬೀಸಿದರೆ ಒಂಟಿಬಂಡೆಯ ಕಡೆ, ಎಡಕ್ಕೆ ಬೀಸಿದರೆ ಮರಳದಿಣ್ಣೆಯ ಕಡೆ, ನೆತ್ತಿಯ ಮೇಲೆ ಸುತ್ತಿದರೆ ನೇರ ಮುಂದಕ್ಕೆ. ನಾಲ್ಕೂ ದೋಣಿಗಳು ಬಾಣ ಬಿಟ್ಟ ಹಾಗೆ ಅತ್ತ ನುಗ್ಗುವುವು. ಸ್ವಲ್ಪ ಹೊತ್ತಿಗೆ ಡಾಲ್ಫಿನ್ನುಗಳು ನೀರಿನಿಂದ ಮೇಲಕ್ಕೆ ಚಿಮ್ಮುವುವು. ದೂರದಿಂದ ಜನರ ಕೇಕೆ ಕೇಳುವುದು. "ನೋಡು, ದೋಣಿ ಕಂಡ್ರೆ ಹೇಗೆ ಕುಣೀತಾವೆ!" ಎಂದು ಅವಳು ತನಗೆ ತಾನೇ ಹೇಳಿಕೊಂಡು ಮತ್ತೆ ಯಂತ್ರಕ್ಕೆ ಕೂರುವಳು. ಹನ್ನೊಂದು ವರ್ಷ ಹೀಗೇ ನಡೆಯಿತು.

ಹರಿದ ಅಂಚನ್ನು ನೋಡಿ ಇದು ಯಾವ ದೋಣಿಯ ಟಾರ್ಪಾಲು ಎಂದು ಹೇಳಬಲ್ಲವಳಿಗೆ, ಡಾಲ್ಫಿನ್ನಿನ ಬೆನ್ನ ಮೇಲಿನ ರೆಕ್ಕೆಯ ಅಂಚು ನೋಡಿ ಇದು ಯಾವುದೆಂದು ಗುರುತು ಹಿಡಿಯುವುದು ದೊಡ್ಡ ಮಾತಲ್ಲ. ಒಂದರ ತುದಿ ಇಲಿ ಕಡಿದಂತೆ. ಒಂದರದ್ದು ಬಾಗಿದ ಚಮಚದಂತೆ. ಹೊಸದೊಂದು ಕಂಡಾಗಲೆಲ್ಲ ಅವಳು ಟಾರ್ಪಾಲಿನ ಚೂರೊಂದನ್ನು ಅದೇ ಆಕಾರಕ್ಕೆ ಕತ್ತರಿಸಿ ದಾರಕ್ಕೆ ಪೋಣಿಸುತ್ತಿದ್ದಳು. ಗೋಡೆಯ ಮೇಲೆ ಇಪ್ಪತ್ತಮೂರು ರೆಕ್ಕೆಗಳು ತೂಗಾಡುತ್ತಿದ್ದವು. ಅವಳಿಗೆ ತೀರ ಬೇಕಾದದ್ದು ಹಿಂದಿನ ಅಂಚಿನಲ್ಲಿ ಮೂರು ಸೀಳಿದ್ದ ಒಂದು ಹೆಣ್ಣು. ಅದಕ್ಕೆ ಮೂರುಗಚ್ಚು ಎಂದು ಹೆಸರಿಟ್ಟಿದ್ದಳು. ಕಲ್ಲಿಗೆ ತಗುಲಿಯೋ, ದೊಡ್ಡ ಮೀನು ಕಚ್ಚಿಯೋ ಆದ ಗಾಯವಿರಬೇಕು ಎಂದುಕೊಂಡಿದ್ದಳು.

ಇಷ್ಟೆಲ್ಲ ಕಂಡವಳು ಒಂದು ದಿನವೂ ದೋಣಿ ಹತ್ತಿದವಳಲ್ಲ. ಹತ್ತುವ ಯೋಚನೆಗೇ ಹೊಟ್ಟೆ ತೊಳಸುತ್ತಿತ್ತು. "ಸಮುದ್ರದ ದಡದಲ್ಲಿ ಹುಟ್ಟಿ ಬಕೆಟ್ ನೀರಿಗೆ ಹೆದರೋಳು ನಮ್ಮಕ್ಕ" ಎಂದು ತಮ್ಮ ಗೇಲಿ ಮಾಡುತ್ತಿದ್ದ. ಮಾಡಲಿ. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೇಳು. ಅಂದಿನಿಂದ ಅವನ ಅನ್ನ, ಅಂಗಿ, ಜ್ವರ ಎಲ್ಲ ಅವಳ ಪಾಲಿಗೇ ಬಿದ್ದಿತ್ತು. ಈಜುತ್ತ ದೂರ ಹೋದನೆಂದರೆ ಅವಳು ಬಂದರಿನ ಕಟ್ಟೆಯ ಮೇಲೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದಳು. ಕೂಗುತ್ತಿರಲಿಲ್ಲ. ಅವನು ದಡ ಮುಟ್ಟುವ ತನಕ ಕೈ ಇಳಿಸುತ್ತಲೂ ಇರಲಿಲ್ಲ. ಮೊದಮೊದಲು ಅವನು ಆಟವಾಡಿಸುತ್ತಿದ್ದ. ಒಮ್ಮೆ ಅರ್ಧ ಗಂಟೆ ಹಾಗೇ ನಿಂತದ್ದನ್ನು ಕಂಡ ಮೇಲೆ, ಇವಳ ಹತ್ತಿರ ಗೆಲ್ಲಲಾಗದು ಎಂದು ಬಿಟ್ಟುಬಿಟ್ಟ.

ಈ ವರ್ಷ ತಮ್ಮ ತನ್ನ ದೊಡ್ಡ ದೋಣಿಗೆ ಹೊಸ ಎಂಜಿನ್ ಹಾಕಿಸಿದ. ದೋಣಿಯ ನೀಲಿ ಹೊದಿಕೆಯನ್ನು ಹದ್ದುಗಣ್ಣಿಯೇ ಮೂರು ವಾರ ಕೂತು ಹೊಲಿದಿದ್ದಳು. ಮೊದಲ ಸುತ್ತಿಗೆ ಅವಳು ಬರಲೇಬೇಕೆಂದು ಪಟ್ಟು ಹಿಡಿದವಳು ನಾದಿನಿ, ತಮ್ಮನ ಹೆಂಡತಿ. ಟಿಕೆಟ್ ಕೊಡುವವಳು ಅವಳೇ, ಮಾತು ಕೊಡುವವಳೂ ಅವಳೇ.

"ನೀವು ಹೊಲಿದ ಚಾವಣಿ ಕೆಳಗೆ ನೀವೇ ಕೂರದೆ ಇದ್ರೆ ಹೇಗೆ ಅತ್ತಿಗೆ? ವಾಂತಿ ಬಂದ್ರೆ ಬರ್ಲಿ, ಸಮುದ್ರ ಏನು ಬೇಡ ಅನ್ನುತ್ತಾ?"

ಹದ್ದುಗಣ್ಣಿ ನಕ್ಕು ಒಪ್ಪಿದಳು. ಹೊರಡುವ ಮೊದಲು ಕಿಟಕಿಯಿಂದ ನೋಡಿ, "ಒಂಟಿಬಂಡೆ ಮರೆಗೆ ಹೋದ್ವು, ಮೂರುಗಚ್ಚೂ ಇದೆ" ಎಂದು ಹೇಳಿಯೇ ಇಳಿದಳು. ನಾಲ್ಕೂ ದೋಣಿಗಳು ಅತ್ತಲೇ ನುಗ್ಗಿದವು.

ಒಂಟಿಬಂಡೆಯ ಹಿಂದೆ ನೀರು ತಟ್ಟೆಯಲ್ಲಿ ಸುರಿದಿಟ್ಟ ಹಾಗೆ ನಿಂತಿರುತ್ತದೆ. ಅಲ್ಲಿ ಮೂರುಗಚ್ಚು ನಿಧಾನಕ್ಕೆ ಉಸಿರು ಬಿಡುತ್ತ ತೇಲುತ್ತಿತ್ತು. ಪಕ್ಕದಲ್ಲಿ, ಹೊಟ್ಟೆಗೆ ಅಂಟಿಕೊಂಡ ಹಾಗೆ, ಒಂದು ಮರಿ. ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ ಬಿಳಿಯ ಗೆರೆಗಳು. ಮಡಿಸಿಟ್ಟ ಬಟ್ಟೆಯನ್ನು ಈಗಷ್ಟೇ ಬಿಡಿಸಿದರೆ ಮಡಿಕೆಯ ಗುರುತು ಇರುತ್ತದಲ್ಲ, ಹಾಗೆ. ತಾಯಿಯ ಹೊಟ್ಟೆಯಲ್ಲಿ ಮಡಿಚಿಕೊಂಡಿದ್ದದ್ದು ಹೊರಬಂದು ಇನ್ನೂ ನೆಟ್ಟಗಾಗಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಹೊಟ್ಟೆ ತೊಳಸುವುದನ್ನೂ ಮರೆತು ಅವಳು ಅಂಚಿಗೆ ಬಾಗಿದಳು.

ಅಷ್ಟರಲ್ಲಿ ನಾಲ್ಕು ಕಡೆಯಿಂದ ನಾಲ್ಕು ದೋಣಿಗಳು ಸುತ್ತುವರಿದವು. ಎಂಜಿನ್ನಿನ ಅಬ್ಬರಕ್ಕೆ ಹಲ್ಲು ಜುಮ್ಮೆನ್ನುತ್ತಿತ್ತು. ಮೂರುಗಚ್ಚು ಎಡಕ್ಕೆ ಹೋಯಿತು, ಅಲ್ಲಿ ದೋಣಿ. ಬಲಕ್ಕೆ ಬಂತು, ಅಲ್ಲೂ ದೋಣಿ. ಕೊನೆಗೆ ಮೇಲಕ್ಕೆ ಚಿಮ್ಮಿತು. ಜನ ಕೇಕೆ ಹಾಕಿದರು. ಹನ್ನೊಂದು ವರ್ಷ ಕಿಟಕಿಯಿಂದ ಕೇಳಿದ ಅದೇ ಕೇಕೆ. ಹತ್ತಿರದಿಂದ ನೋಡಿದಾಗ ಅದು ಕುಣಿತವಾಗಿರಲಿಲ್ಲ. ಕೋಣೆಗೆ ನುಗ್ಗಿದ ಗುಬ್ಬಿ ಗೋಡೆಯಿಂದ ಗೋಡೆಗೆ ಬಡಿದುಕೊಳ್ಳುತ್ತದಲ್ಲ, ಆ ಹಾರಾಟ.

ಮರಿ ಕಾಣಲಿಲ್ಲ. ಎಣಿಸಿದರೆ ಇಪ್ಪತ್ತು ಉಸಿರಿನಷ್ಟು ಹೊತ್ತು, ಮರಿ ಎಲ್ಲೂ ಕಾಣಲಿಲ್ಲ. ಆಮೇಲೆ ಎರಡು ದೋಣಿಗಳ ನಡುವೆ ಸಣ್ಣದಾಗಿ ತಲೆ ಎತ್ತಿತು. ತಾಯಿ ಅದರ ಕಡೆ ನುಗ್ಗಿ ಅವಳ ದೋಣಿಗೆ ಒರಸಿಕೊಂಡೇ ದಾಟಿತು. ಆಗ ಆ ಮೂರು ಸೀಳು ಅವಳ ಕೈಯಳತೆಯಲ್ಲಿ ಬಂದವು. ಒಂದೇ ಉದ್ದ, ಒಂದೇ ಅಂತರ, ಅಳೆದು ಗುರುತು ಹಾಕಿ ಕತ್ತರಿಸಿದಂತೆ. ಕಲ್ಲು ಹಾಗೆ ಸೀಳುವುದಿಲ್ಲ, ಮೀನೂ ಹಾಗೆ ಕಚ್ಚುವುದಿಲ್ಲ. ಒಂದೇ ಸಮ ಗಾಯ ಮಾಡುವುದು ಯಂತ್ರ. ಅವಳ ಕಣ್ಣು ತಾನಾಗಿ ದೋಣಿಯ ಹಿಂದೆ, ನೀರೊಳಗೆ ತಿರುಗುತ್ತಿದ್ದ ಎಂಜಿನ್ನಿನ ಫ್ಯಾನಿನ ಮೇಲೆ ಹೋಯಿತು.

ಯಾವ ದೋಣಿಯೋ, ಯಾವ ದಿನವೋ. ದಾರಿ ತೋರಿಸಿದ ಕೈ ಮಾತ್ರ ತನ್ನದೇ.

ದಡಕ್ಕೆ ಬಂದವಳು ನೇರ ಐಸ್ ಕಾರ್ಖಾನೆಯ ಕಡೆ ನಡೆದಳು. ವಾಂತಿಯಿಂದ ಸುಸ್ತಾಗಿದ್ದಾಳೆ ಎಂದುಕೊಂಡರು. ಅವಳು ಮೆಟ್ಟಿಲು ಹತ್ತಿ ಹೋಗಿ, ಟಾರ್ಪಾಲಿನ ಚೂರೊಂದನ್ನು ಮರಿಯ ರೆಕ್ಕೆಯಷ್ಟಕ್ಕೆ ಕತ್ತರಿಸಿದಳು. ಅಂಗೈಯಲ್ಲಿ ಹಿಡಿಸುವಷ್ಟು. ಅಂಚು ಸುತ್ತ ನುಣ್ಣಗೆ. ಅದನ್ನು ಪೋಣಿಸಿ, "ಇದು ಹೀಗೇ ಇರಬೇಕು" ಎಂದಳು.

ಮರುದಿನ ಬೆಳಿಗ್ಗೆ ನಾಲ್ಕೂ ದೋಣಿಗಳು ಹೊರಟವು. ಕೊಲ್ಲಿಯ ಮಧ್ಯಕ್ಕೆ ಹೋಗಿ ಎಲ್ಲರೂ ಹಿಂತಿರುಗಿ ಕಿಟಕಿಯ ಕಡೆ ನೋಡಿದರು. ಕಿಟಕಿಯಲ್ಲಿ ಹದ್ದುಗಣ್ಣಿ ಇದ್ದಳು, ಬಟ್ಟೆ ಇರಲಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಕಿ, ಅದರ ಮೇಲೆ ತಾನು ಕೂತಿದ್ದಳು. ಎರಡು ಗಂಟೆ ನೀರು ಕಲಕಿ ದೋಣಿಗಳು ಬರಿಗೈಯಲ್ಲಿ ಬಂದವು. ತಮ್ಮ ಮೂರು ಮೂರು ಮೆಟ್ಟಿಲು ಹಾರಿ ಮೇಲೆ ಬಂದ.

"ಯಾಕಕ್ಕ, ಮೈ ಸರಿಯಿಲ್ವಾ?"

"ಮೈ ಸರಿಯಾಗೇ ಇದೆ."

"ಹಾಗಾದ್ರೆ ಕಾಣಿಸ್ಲಿಲ್ವಾ?"

"ಕಾಣಿಸ್ತು. ಏಳು ಇದ್ವು."

"ಮತ್ತೆ ಬಟ್ಟೆ ಎಲ್ಲಿ?"

"ಅದರ ಮೇಲೆ ಕೂತಿದೀನಿ."

ತಮ್ಮನಿಗೆ ನಗಬೇಕೋ ಕೂಗಬೇಕೋ ತಿಳಿಯಲಿಲ್ಲ. ಅವಳು ನಿಧಾನವಾಗಿ, ಹೊಲಿಗೆ ಬಿಚ್ಚಿ ತೋರಿಸುವ ಹಾಗೆ ಹೇಳಿದಳು. "ನೋಡಪ್ಪ. ಕಂಡಿಲ್ಲ ಅಂತ ಸುಳ್ಳು ಹೇಳಲ್ಲ. ಕಂಡಿದ್ದನ್ನ ಹೇಳೋದೂ ಇಲ್ಲ. ಒಂಟಿಬಂಡೆ ಇತ್ತಲಾಗಿ ಕಪ್ಪು ಡ್ರಮ್ ತೇಲುತ್ತಲ್ಲ, ಅಲ್ಲೇ ಎಂಜಿನ್ ಆರಿಸ್ಬೇಕು. ಒಂದು ಸಲಕ್ಕೆ ಒಂದೇ ದೋಣಿ. ಹತ್ರ ಬರೋದಾದ್ರೆ ಅವೇ ಬರ್ಲಿ. ಇಷ್ಟಕ್ಕೆ ಒಪ್ಪಿದ ದಿನ ಬಟ್ಟೆ ಬೀಸ್ತೀನಿ."

"ದುಡ್ಡು ಕೊಟ್ಟು ಬಂದೋರು ಡ್ರಮ್ ನೋಡ್ಕೊಂಡು ಹೋಗ್ಬೇಕಾ? ಇದೊಳ್ಳೆ ಕಥೆ! ಅವೇನು ನಿನ್ ಸ್ವಂತ ಮಕ್ಕಳಾ?"

"ನೀನೂ ನನ್ ಸ್ವಂತ ಮಗ ಅಲ್ಲ. ಸಾಕ್ಲಿಲ್ವಾ?"

ತಮ್ಮ ಬಾಗಿಲು ಬಡಿದುಕೊಂಡು ಇಳಿದು ಹೋದ.

ಎರಡೇ ದಿನದಲ್ಲಿ ಅವಳ ಜಾಗಕ್ಕೆ ಒಬ್ಬನನ್ನು ಕರೆತಂದ. ರೈಲ್ವೆಯಲ್ಲಿ ನಲವತ್ತು ವರ್ಷ ಗಾರ್ಡಾಗಿದ್ದು ನಿವೃತ್ತನಾದ ಮುದುಕ. ಸ್ವಂತ ದುರ್ಬೀನಿದೆ, ಬಾವುಟ ಬೀಸಿ ಅಭ್ಯಾಸವಿದೆ, ಇನ್ನೇನು ಬೇಕು? ಗಾರ್ಡು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರಿನ ಕಟ್ಟೆಯ ಮೇಲೆ ನಿಂತ. ದುರ್ಬೀನಿನಲ್ಲಿ ಡಾಲ್ಫಿನ್ ಕಂಡದ್ದೂ ನಿಜ. ಆದರೆ ಕೈ ಕೇಳಬೇಕಲ್ಲ! ಕೆಂಪು ಬಟ್ಟೆ ಎತ್ತಿ 'ಮುಂದೆ ನುಗ್ಗಿ' ಎನ್ನಬೇಕು. ಅರ್ಧಕ್ಕೆ ಎತ್ತಿದ ಕೈಯನ್ನು ಆತ ಹಾವು ಮುಟ್ಟಿದವನಂತೆ ಕೆಳಗಿಳಿಸುತ್ತಿದ್ದ. ಆಮೇಲೆ ಜೇಬಿನಿಂದ ಹಸಿರು ಕರವಸ್ತ್ರ ತೆಗೆದು ಬೀಸುತ್ತಿದ್ದ. ದೋಣಿಯವರಿಗೆ ಹಸಿರು ಅಂದರೇನೆಂದು ಗೊತ್ತಿಲ್ಲ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಇಬ್ಬರು ನಿಂತಲ್ಲೇ ಗಿರಕಿ. ಪ್ರಯಾಣಿಕರಿಗೆ ತಲೆ ಸುತ್ತಿದ್ದೊಂದೇ ಲಾಭ.

ಮೂರನೆಯ ದಿನ ಗಾರ್ಡು ತಾನಾಗಿಯೇ ಮೆಟ್ಟಿಲು ಹತ್ತಿ ಬಂದು ಅವಳೆದುರು ಕೂತ.

"ಅಮ್ಮಾ, ನಿಮ್ ಕೆಲಸ ಕಿತ್ಕೊಳ್ಳೋಕೆ ಬಂದೋನಲ್ಲ ನಾನು. ಮನೇಲಿ ಕೂತು ಬೇಜಾರಾಗಿತ್ತು. ಆದ್ರೆ ಕೆಂಪು ಎತ್ತಿ ಗಾಡಿ ಬಿಡು ಅಂದ್ರೆ ಹೇಗೆ? ಕೆಂಪು ಅಂದ್ರೆ ನಿಲ್ಲು. ಸತ್ರೂ ನಿಲ್ಲು. ಇದನ್ನ ಯಾರಮ್ಮ ಹೀಗೆ ಉಲ್ಟಾ ಮಾಡಿದ್ದು?"

"ನಾನೇ ಗಾರ್ಡ್ ಸಾಹೇಬ್ರೆ. ಹನ್ನೊಂದು ವರ್ಷದ ಹಿಂದೆ ಕೈಗೆ ಸಿಕ್ಕಿದ ಚೂರು ಕೆಂಪಾಗಿತ್ತು, ಅಷ್ಟೇ."

"ತಿದ್ದಿಬಿಡಿ ಮತ್ತೆ" ಎಂದ ಗಾರ್ಡು, ಅವಳು ಕೊಟ್ಟ ಚಹಾ ಊದುತ್ತ. ಅವಳು ಕೈಯಲ್ಲಿದ್ದ ಸೂಜಿಯನ್ನು ಚುಚ್ಚಿಟ್ಟು, ತಾನು ಕೂತಿದ್ದ ಕೆಂಪು ಬಟ್ಟೆಯನ್ನು ಎಳೆದು ತೊಡೆಯ ಮೇಲೆ ಬಿಡಿಸಿ ಹಾಕಿಕೊಂಡಳು.

ತಮ್ಮನ ಸಿಟ್ಟು ನೆತ್ತಿಗೇರಿತ್ತು. ಗಾರ್ಡು ಅವಳ ಕೋಣೆಗೆ ಹೋಗಿದ್ದು ಗೊತ್ತಾಗಿ ಅದು ಇನ್ನೂ ಏರಿತು. ಟಾರ್ಪಾಲಿನ ಕೆಲಸವನ್ನೆಲ್ಲ ಬೇರೆ ಕಡೆ ಕಳಿಸಿದ. ಅವಳು ಬಗ್ಗಲಿಲ್ಲ. ಕಡೆಗೆ ಮೇಲೆ ಬಂದು ಬಾಗಿಲಲ್ಲೇ ನಿಂತು, ಮುಖ ನೋಡದೆ, ಹೇಳಿಬಿಟ್ಟ.

"ಬಟ್ಟೆ ಬೀಸೋದಾದ್ರೆ ಇಲ್ಲಿರು. ಇಲ್ದಿದ್ರೆ ಖಾಲಿ ಮಾಡು. ಕಾರ್ಖಾನೆ ನಂದು, ಕೋಣೆ ನಂದು, ಆ ಕಿಟಕಿನೂ ನಂದು."

"ಕಣ್ಣು ನಂದು" ಎಂದಳು ಹದ್ದುಗಣ್ಣಿ.

ಅಷ್ಟೇ ಮಾತು. ಅವನು ಹೋದ ಕೂಡಲೇ ಎದ್ದು ಯಂತ್ರದ ತಲೆಯನ್ನು ಕಳಚಿ ಹಾಸುಗೂಸಿನ ಹಾಗೆ ಎದೆಗವಚಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದಳು. ಆಮೇಲೆ ಕಬ್ಬಿಣದ ಕಾಲನ್ನು ಒಂದೊಂದೇ ಮೆಟ್ಟಿಲು ದಡ್ ದಡ್ ಎಂದು ಇಳಿಸಿದಳು. ಐಸ್ ಒಡೆಯುವವರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬ ಕೈ ಕೊಡಲು ಬಂದ. "ಬೇಡಪ್ಪ, ನಿನ್ ಕೆಲಸಕ್ಕೆ ಕುತ್ತು" ಎಂದಳು. ಎಲ್ಲವನ್ನೂ ಕಟ್ಟೆಯ ಮೇಲೆ, ಸಾಲಾಗಿ ಜನ ದೋಣಿ ಹತ್ತುವ ಜಾಗದ ಪಕ್ಕದಲ್ಲೇ ಜೋಡಿಸಿದಳು. ದೀಪದ ಕಂಬದಿಂದ ಕಂಬಕ್ಕೆ ದಾರ ಕಟ್ಟಿ ಇಪ್ಪತ್ತನಾಲ್ಕು ರೆಕ್ಕೆಗಳನ್ನು ತೂಗು ಹಾಕಿದಳು. ಕಾಲುಚೀಲ ಬಿಚ್ಚಿ, ಬೆಚ್ಚನೆಯ ಕಲ್ಲಿನ ಮೇಲೆ ಪಾದವಿಟ್ಟು, ಯಾರದೋ ಹರಿದ ಕೈಚೀಲ ಹೊಲಿಯಲು ಕೂತಳು.

ಟಿಕೆಟ್ ಕಿಟಕಿಯಿಂದ ನಾದಿನಿ ಕೂಗಿದಳು. "ಮಾನ ಮರ್ಯಾದೆ ಇಲ್ವಾ ಅತ್ತಿಗೆ? ಊರೆಲ್ಲ ನೋಡೋ ಹಾಗೆ ಬೀದಿಗೆ ಬಂದು ಕೂತಿದೀರಲ್ಲ!"

"ನೋಡ್ಲಿ ಅಂತಾನೇ ಕೂತಿರೋದು."

ಸ್ವಲ್ಪ ಹೊತ್ತಿಗೆ ನಾದಿನಿಯೇ ದೊಡ್ಡ ಕೊಡೆಯೊಂದನ್ನು ತಂದು ಅವಳ ತಲೆಯ ಮೇಲೆ ಬಿಚ್ಚಿ ಕಂಬಕ್ಕೆ ಕಟ್ಟಿದಳು. "ಬಿಸಿಲಿಗೆ ಬೆಂದು ಸತ್ರೆ ಅದೂ ನನ್ ತಲೆ ಮೇಲೇ ಬರುತ್ತೆ" ಎಂದು ಗೊಣಗುತ್ತ ಹೋದಳು.

ಸಾಲಿನಲ್ಲಿ ನಿಂತವರಿಗೆ ಬೇರೇನು ಕೆಲಸ? ತೂಗಾಡುವ ಚೂರುಗಳನ್ನು ನೋಡಿ ಇದೇನೆಂದು ಕೇಳಿದರು. ಹದ್ದುಗಣ್ಣಿ ಹೊಲಿಯುತ್ತಲೇ ಹೇಳಿದಳು. ಇದು ಚಮಚ, ಇದು ಇಲಿಗಡಿ, ಇದು ಮೂರುಗಚ್ಚು. ಮೂರುಗಚ್ಚಿನ ಸೀಳನ್ನು ಬೆರಳಿನಿಂದ ಸವರಿ ನೋಡಿ ಎಂದಳು. ಸವರಿದರು. ಯಾವುದರಿಂದ ಆದದ್ದು ಎಂದು ಕೇಳಿದಾಗ ಬಾಯಿಂದ ಹೇಳದೆ ಎದುರಿನ ದೋಣಿಯ ಫ್ಯಾನಿನ ಕಡೆ ಗದ್ದ ಎತ್ತಿ ತೋರಿಸಿದಳು. "ದಾರಿ ತೋರಿಸಿದ್ದು ನಾನು" ಎಂದು ಸೇರಿಸುವುದನ್ನು ಒಂದು ದಿನವೂ ಬಿಡಲಿಲ್ಲ. ಕೆಲವರು ದೋಣಿ ಹತ್ತದೆ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. ತಮ್ಮನ ಕೆಲಸ ಬಿಟ್ಟು ಬಂದ ಗಾರ್ಡು ದುರ್ಬೀನನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತ, "ನೂಕಬೇಡಿ, ಎಲ್ರಿಗೂ ಸಿಗುತ್ತೆ" ಎಂದು ತನ್ನ ಹಳೆಯ ದನಿಯಲ್ಲಿ ಕೂಗುತ್ತಿದ್ದ.

ಹೊಸ ಕೆಂಪು ಬಟ್ಟೆಯನ್ನು ಅವಳು ಹಳೆಯದರ ಎರಡರಷ್ಟು ದೊಡ್ಡದಾಗಿ ಹೊಲಿದಳು. ದೋಣಿ ಕಪ್ಪು ಡ್ರಮ್ಮಿನ ಹತ್ತಿರ ಬಂದ ಕೂಡಲೇ ಕಟ್ಟೆಯ ಮೇಲೆ ನಿಂತು ಎರಡೂ ಕೈಯಲ್ಲಿ ಎತ್ತಿ ಹಿಡಿಯುವಳು. ಬೀಸುವುದಿಲ್ಲ, ಸುಮ್ಮನೆ ಹಿಡಿಯುವುದು. ಅದರರ್ಥವೇನೆಂದು ನಾಲ್ಕೂ ದೋಣಿಯವರಿಗೆ ಹೋಗಿ ಹೇಳಿದ್ದಳು. ಮೊದಲ ವಾರ ಯಾರೂ ಲೆಕ್ಕಕ್ಕಿಡಲಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಮೊದಲು ನಿಲ್ಲಿಸಿದವನು ಮೂರನೆಯ ದೋಣಿಯ ಗೊಣಗಣ್ಣ. ಎದ್ದರೆ ಗೊಣಗು, ಕೂತರೆ ಗೊಣಗು, ಅದಕ್ಕೇ ಆ ಹೆಸರು. ಅವನಿಗೆ ಡಾಲ್ಫಿನ್ನಿನ ಮೇಲೆ ಕರುಣೆಯಿತ್ತೋ, ಎಂಜಿನ್ನಿನ ಸದ್ದಿಗೆ ಬೇಸತ್ತಿದ್ದನೋ ಹೇಳಲಾಗದು. ಡ್ರಮ್ಮಿನ ಹತ್ತಿರ ಎಂಜಿನ್ ಆರಿಸಿ, "ಎಲ್ರೂ ಬಾಯಿ ಮುಚ್ಕೊಂಡು ಕೂತ್ಕೊಳಿ" ಎಂದನಂತೆ. ಕೂತರಂತೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ದೋಣಿಯ ಮಗ್ಗುಲಲ್ಲೇ ಭುಸ್ ಎಂದು ಉಸಿರಿನ ಸದ್ದು. ಮೂರುಗಚ್ಚು ಮರಿಯನ್ನು ಕರೆದುಕೊಂಡು ತಾನಾಗಿಯೇ ಬಂದಿತ್ತು. ಒಂದು ಕಣ್ಣು ಮೇಲೆ ಮಾಡಿ ಜನರನ್ನು ನೋಡಿತಂತೆ.

"ಬೆಳಿಗ್ಗೆಯಿಂದ ಸಂಜೆವರೆಗೂ ಅಟ್ಟಿಸ್ಕೊಂಡು ಹೋಗಿ ನಾನು ನೋಡ್ತಿದ್ದಿದ್ದು ಬರೀ ಬೆನ್ನು ಅಕ್ಕಾ" ಎಂದ ಗೊಣಗಣ್ಣ, ಕಟ್ಟೆಗೆ ಬಂದು. "ಮುಖ ಇವತ್ತು ನೋಡಿದೆ." ಅಂದು ಇಡೀ ದಿನ ಅವನು ಗೊಣಗಲಿಲ್ಲವೆಂದು ಊರೆಲ್ಲ ಸುದ್ದಿಯಾಯಿತು. ಆ ವಾರದೊಳಗೆ ಇನ್ನೆರಡು ದೋಣಿಗಳೂ ಡ್ರಮ್ಮಿನ ಹತ್ತಿರ ಸದ್ದು ಆರಿಸಿ, ಒಂದು ಹೋದ ಮೇಲೆ ಇನ್ನೊಂದರಂತೆ ಕಾಯತೊಡಗಿದವು.

ಉಳಿದದ್ದು ತಮ್ಮ ಓಡಿಸುವ ದೊಡ್ಡ ದೋಣಿ. ಅವನು ಪ್ರತಿದಿನ ಅಕ್ಕನ ಮುಂದೆಯೇ, ಬೇಕೆಂದೇ ಎಂಜಿನ್ ಮೊರೆಸಿಕೊಂಡು ಹೋಗುತ್ತಿದ್ದ. ಈವರೆಗೆ ಅವನಿಗೆ ಒಂಟಿಬಂಡೆಯ ಮರೆಯಲ್ಲಿ ಏನೂ ಸಿಕ್ಕಿರಲಿಲ್ಲ. ಸದ್ದು ಕೇಳಿದರೆ ಅವು ಮೊದಲೇ ಜಾರಿಕೊಳ್ಳುತ್ತಿದ್ದವು. ಆ ಬೆಳಿಗ್ಗೆ ಮಾತ್ರ ನೀರು ಇಳಿದು ಬಂಡೆಯ ಸುತ್ತ ಮರಳು ಮೇಲೆದ್ದಿತ್ತು. ಬಂಡೆಯ ಮರೆಯಿಂದ ಹೊರಗೆ ಹೋಗಲು ಇದ್ದದ್ದು ಒಂದೇ ಓಣಿ, ಡ್ರಮ್ಮಿನ ಪಕ್ಕದ್ದು. ಮೂರುಗಚ್ಚು ಮತ್ತು ಮರಿ ಒಳಗಿದ್ದವು. ಓಣಿಯ ಸಂದಿನಲ್ಲಿ ಎರಡು ರೆಕ್ಕೆ ಎದ್ದು ಮುಳುಗಿದ್ದನ್ನು ಹದ್ದುಗಣ್ಣಿ ಕಂಡಳು. ಆ ಓಣಿಗೆ ನೇರವಾಗಿ ತಮ್ಮನ ದೋಣಿ ನುಗ್ಗುತ್ತಿರುವುದನ್ನೂ ಕಂಡಳು.

ಕಟ್ಟೆಯ ತುದಿಗೆ ಓಡಿ ಬಟ್ಟೆ ಎತ್ತಿ ಹಿಡಿದಳು. ಗಾಳಿಗೆ ಅದು ಪಟಪಟ ಬಡಿದು ಅವಳನ್ನೇ ನೂಕುತ್ತಿತ್ತು. ದೋಣಿ ನಿಲ್ಲಲಿಲ್ಲ. ಅವಳು ಪಾದವನ್ನು ಕಲ್ಲಿಗೆ ಒತ್ತಿ ನಿಂತಳು. ಗಾರ್ಡು ಓಡಿ ಬಂದು ಒಂದು ತುದಿ ಹಿಡಿಯಲು ಹೋದ. "ಬೇಡ. ಅವನು ನನ್ನನ್ನ ನೋಡ್ಬೇಕು" ಎಂದಳು.

ದೋಣಿಯಲ್ಲಿದ್ದ ಜನ ಬೆಳಿಗ್ಗೆಯೇ ಮೂರುಗಚ್ಚಿನ ಸೀಳನ್ನು ಸವರಿ ಹತ್ತಿದವರು. ಒಬ್ಬೊಬ್ಬರೇ ಎದ್ದು ನಿಂತು ಕಟ್ಟೆಯ ಕಡೆ ಕೈ ತೋರಿಸತೊಡಗಿದ್ದು ದೂರದಿಂದಲೇ ಕಾಣುತ್ತಿತ್ತು. ತಮ್ಮ ಹಿಂತಿರುಗಿ ನೋಡಿದ. ಬಂದರಿನ ಕಟ್ಟೆ, ಎತ್ತಿದ ಎರಡು ಕೈ. ಅವನಿಗೆ ಅದು ಹೊಸದಲ್ಲ. ಈ ಕೈ ತಾನಾಗಿ ಇಳಿಯುವುದಿಲ್ಲವೆಂಬುದು ಆ ಬಂದರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ.

ಡ್ರಮ್ಮಿಗೆ ಒಂದು ದೋಣಿಯಷ್ಟು ದೂರವಿರುವಾಗ ಮೊರೆತ ನಿಂತಿತು. ಕೊಲ್ಲಿಯೆಲ್ಲ ಒಮ್ಮೆಗೇ ಕಿವಿ ಕಿವುಡಾದ ಹಾಗೆ ಸ್ತಬ್ಧವಾಯಿತು. ಆ ನಿಶ್ಶಬ್ದದಲ್ಲಿ ನೀರಿನ ಮೇಲಿಂದ ತಮ್ಮನ ಕೂಗು ತೇಲಿ ಬಂತು. ಸಿಟ್ಟಿನ ಕೂಗೇ.

"ಆರಿಸಿದೀನಿ ಕಣೇ ಅಕ್ಕಾ! ಕೈ ಇಳಿಸು, ತೋಳು ಬಿದ್ದುಹೋಗುತ್ತೆ!"

"ಅವು ದಾಟ್ಲಿ!" ಎಂದು ಅವಳು ತಿರುಗಿ ಕೂಗಿದಳು.

ಅವು ಅವಸರ ಮಾಡಲಿಲ್ಲ. ಮೊದಲು ಮೂರು ಸೀಳಿನ ರೆಕ್ಕೆ, ಅದರ ಪಕ್ಕಕ್ಕೆ ಅಂಗೈಯಗಲದ ನುಣ್ಣನೆಯ ರೆಕ್ಕೆ, ಮುಳುಗುತ್ತ ಏಳುತ್ತ ದೋಣಿಯ ಪಕ್ಕದಿಂದಲೇ ಓಣಿ ದಾಟಿದವು. ದೋಣಿಯಲ್ಲಿ ಯಾರೂ ಕೇಕೆ ಹಾಕಲಿಲ್ಲ. ಗಾರ್ಡು ದುರ್ಬೀನು ಕಣ್ಣಿಗಿಟ್ಟುಕೊಂಡು, "ಹೋಯ್ತಮ್ಮ, ಎರಡೂ ಹೋಯ್ತು, ಇನ್ನಾದ್ರೂ ಇಳಿಸಿ" ಎಂದ.

"ನಿಮ್ ದುರ್ಬೀನಿಗೆ ಹೋಗಿದೆ" ಎಂದಳು ಹದ್ದುಗಣ್ಣಿ. "ನನಗಿನ್ನೂ ಕಾಣ್ತಿದೆ."